ಪಿಕ್ಚರ್ ನಮ್ಮ ಮನೇಲೇ ಇರಲಿ ಅಂತ

2024ರ ಸೆಪ್ಟೆಂಬರ್ 1, ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಅಪ್ಪ ಸೋಫಾದ ತಮ್ಮ ಮೂಲೆ ಹಿಡಿದು ಕೂತರು. "ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ವಲ್ಲ, ಆ ಪಿಕ್ಚರ್ ಹಾಕೋ" ಅಂದರು. ಹಿಂದಿನ ರಾತ್ರಿ ಹತ್ತೂವರೆಗೆ ಅವರಿಗೆ ತೂಕಡಿಕೆ ಬಂದು ಟಿ.ವಿ. ಆರಿಸಿದ್ದೆವು. ರಿಮೋಟ್ ಹಿಡಿದು ಓಟಿಟಿಯಲ್ಲಿ ಹುಡುಕಿದೆ. ಇರಲಿಲ್ಲ. ಹೆಸರನ್ನು ಮೂರು ನಾಲ್ಕು ಸ್ಪೆಲಿಂಗ್‌ನಲ್ಲಿ ಟೈಪ್ ಮಾಡಿದೆ. ಆಗಲೂ ಇಲ್ಲ. ಕೊನೆಗೆ, ನೋಡಿ ಬಿಟ್ಟ ಪಟ್ಟಿಯಲ್ಲಿ ಅದರ ಪೋಸ್ಟರ್ ಸಿಕ್ಕಿತು. ಒತ್ತಿದರೆ 'ಲಭ್ಯವಿಲ್ಲ' ಅಂತ ಬಂತು. ಆಗಸ್ಟ್ 31ಕ್ಕೆ ಅದನ್ನು ತೋರಿಸುವ ಹಕ್ಕಿನ ಅವಧಿ ಮುಗಿದಿತ್ತು ಅಂತ ಕಾಣುತ್ತದೆ. ನಾವು ಮಲಗಿದ್ದಾಗ ಎತ್ತಿಕೊಂಡು ಹೋಗಿದ್ದರು.

"ದುಡ್ಡು ಕಟ್ಟಿಲ್ವೇನೋ?" ಅಂದರು ಅಪ್ಪ.

"ಕಟ್ಟಿದ್ದೀನಪ್ಪ."

"ಮತ್ತೆ?"

ಆ 'ಮತ್ತೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮೂವತ್ತು ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಟಿಕೆಟ್ ತಗೊಂಡವನನ್ನು ದಾರಿ ಮಧ್ಯೆ ಇಳಿಸಿದ ಉದಾಹರಣೆ ಅವರ ಸರ್ವೀಸ್‌ನಲ್ಲೇ ಇಲ್ಲ.

ಆಗ ನಾವು ನಾಲ್ಕು ಓಟಿಟಿಗಳಿಗೆ ಚಂದಾ ಕಟ್ಟುತ್ತಿದ್ದೆವು. ಒಂದು ಕ್ರಿಕೆಟ್‌ಗೆ. ಒಂದು ಮಗಳ ಕಾರ್ಟೂನ್‌ಗೆ. ಒಂದು, ಸಾಮಾನು ಬೇಗ ಬರಲಿ ಅಂತ ಕಟ್ಟಿದ್ದರ ಜೊತೆಗೆ ಬಂದದ್ದು. ನಾಲ್ಕನೆಯದನ್ನು ಯಾಕೆ ತಗೊಂಡೆವೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಸಂಜೆ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ 5,800 ರೂಪಾಯಿ. ಇಷ್ಟು ಕೊಟ್ಟರೂ ಒಂದರಲ್ಲಿ ಕನ್ನಡ ಪಿಕ್ಚರ್ ಇದ್ದದ್ದು ಹಿಂದಿ ಡಬ್ಬಿಂಗ್‌ನಲ್ಲಿ ಮಾತ್ರ. ಹೀರೋ ಕನ್ನಡ ಬೋರ್ಡಿನ ಅಂಗಡಿ ಮುಂದೆ ನಿಂತು ಹಿಂದಿಯಲ್ಲಿ ಜಗಳ ಆಡುತ್ತಿದ್ದ. ಇನ್ನೊಂದರಲ್ಲಿ ದುಡ್ಡು ಕೊಟ್ಟ ಮೇಲೂ ಜಾಹೀರಾತು. ಮತ್ತೊಂದನ್ನು ಹಾಸನದಲ್ಲಿರುವ ಅಕ್ಕನ ಮನೆಯಲ್ಲಿ ಹಾಕಿದರೆ, ಈ ಟಿ.ವಿ. ನಿಮ್ಮ ಮನೆಯದಲ್ಲ ಅನ್ನುತ್ತಿತ್ತು. ಅಕ್ಕನ ಮನೆ ನಮ್ಮ ಮನೆ ಅಲ್ಲ ಅಂತ ಹೇಳೋಕೆ ಇವರ್ಯಾರು?

ಕನ್ನಡದ ಪಾಡಂತೂ ಗೊತ್ತಿರುವುದೇ. ಅದೇ ವರ್ಷ ಜುಲೈನಲ್ಲಿ 'ಏಕಂ' ಅನ್ನುವ ಕನ್ನಡ ವೆಬ್ ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದೆ, ತಂಡದವರೇ ತಮ್ಮ ಸ್ವಂತ ಜಾಲತಾಣದಲ್ಲಿ ಬಿಟ್ಟರು. ಹೊಸದಕ್ಕೇ ಈ ಗತಿ. ಇನ್ನು ಅಪ್ಪ ಕೇಳುವ ಐವತ್ತು ವರ್ಷ ಹಳೇ ಪಿಕ್ಚರ್‌ಗೆ ಯಾರು ಜಾಗ ಕೊಡ್ತಾರೆ?

ಆಗ ನೆನಪಾದದ್ದು ಅಟ್ಟದ ಮೇಲಿನ ಡಬ್ಬ.

ತಿಪಟೂರಿನ ಮನೆ ಖಾಲಿ ಮಾಡಿ ಅಪ್ಪ ಬೆಂಗಳೂರಿಗೆ ನಮ್ಮ ಜೊತೆ ಇರಲು ಬಂದಾಗ ಎರಡು ಟ್ರಂಕು, ಒಂದು ರಟ್ಟಿನ ಡಬ್ಬ ತಂದಿದ್ದರು. ಡಬ್ಬದ ತುಂಬ ಸಿನಿಮಾ ಡಿಸ್ಕ್. ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಅಂತ ಮಾರುತ್ತಿದ್ದ ಕಾಲ ನೆನಪಿದೆಯಲ್ವಾ? ಅದಕ್ಕೆ ಮುಂಚೆ ಒಂದು ಅಸಲಿ ಡಿಸ್ಕ್ ಕೊಳ್ಳೋದು ನಮ್ಮಂಥವರ ಮಾತಾಗಿರಲಿಲ್ಲ. ಅಪ್ಪ ಡ್ಯೂಟಿ ಇಳಿದು ಬರುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ವಾರಕ್ಕೊಂದು ತರುತ್ತಿದ್ದರು. ಒಂದೊಂದರ ಹಿಂದೆಯೂ ಬಾಲ್ ಪೆನ್ನಿನಲ್ಲಿ ತಾರೀಕು ಬರೆದಿದ್ದಾರೆ. ಆ ಕಂಪನಿಯನ್ನು 2018ರಲ್ಲಿ ಮುಚ್ಚುವ ಆದೇಶವಾಯಿತು. ಅವರು ಮಾರಿದ ಡಿಸ್ಕ್ ಇನ್ನೂ ಓಡುತ್ತದೆ. ಇವತ್ತಿನ ಕಂಪನಿಗಳು ಚೆನ್ನಾಗೇ ನಡೆಯುತ್ತಿವೆ, ನಮ್ಮ ಪಿಕ್ಚರ್ ಮಾತ್ರ ನಿಲ್ಲುತ್ತಿಲ್ಲ.

ಎಣಿಸಿದೆ. 143 ಡಿಸ್ಕ್, 97 ಪಿಕ್ಚರ್. ಆದರೆ ಹಾಕಿ ನೋಡೋಕೆ ಮನೆಯಲ್ಲಿ ಒಂದು ಪ್ಲೇಯರ್ ಇಲ್ಲ. ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಡ್ರೈವ್ ಬರುವುದೇ ನಿಂತು ಕಾಲವಾಯಿತು.

ಅಕ್ಕನ ಮಗನಿಗೆ ಫೋನ್ ಮಾಡಿದೆ. ಇಂಜಿನಿಯರಿಂಗ್ ಕೊನೇ ವರ್ಷ. ನಾನು ಕಾಮರ್ಸ್ ಪಾಠ ಮಾಡುವವನು, ಕಂಪ್ಯೂಟರ್ ಅಂದರೆ ನನಗೆ ಎಕ್ಸೆಲ್. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಮಾಮ, ಅಷ್ಟೆಲ್ಲ ಯಾಕೆ? ಟೆಲಿಗ್ರಾಮ್‌ನಲ್ಲಿ ಎಲ್ಲಾ ಸಿಗುತ್ತೆ" ಅಂದ. ಬೇಡ ಅಂದೆ. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಎದುರಿಗಿರುವಾಗ ಕದ್ದದ್ದು ಯಾಕೆ ಬೇಕು? ಸ್ವಂತ ಡಿಸ್ಕನ್ನು ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳೋದು ಸರಿಯೋ ತಪ್ಪೋ ಅಂತ ಅದನ್ನೂ ಓದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಒಂದಿಷ್ಟು ಜಾಗ ಬಿಟ್ಟಿದೆ. ಎಷ್ಟು ಜಾಗ ಅನ್ನೋದು ವಕೀಲರ ಜಗಳ. ಹಂಚೋದಿಲ್ಲ, ಮಾರೋದಿಲ್ಲ ಅಂತ ನಾನೇ ಒಂದು ಗೆರೆ ಹಾಕಿಕೊಂಡೆ.

ಅವನು ಹೇಳಿದ ಯೋಜನೆ ಸರಳ. ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕು, ಅದರ ಮೇಲೆ ಜೆಲ್ಲಿಫಿನ್ ಹಾಕು, ಟಿ.ವಿ.ಯಲ್ಲಿ ಜೆಲ್ಲಿಫಿನ್ ಆ್ಯಪ್ ಹಾಕು, ಮುಗೀತು. ಲಿನಕ್ಸ್ ಅಂದರೆ ವಿಂಡೋಸ್ ತರ ಕಂಪ್ಯೂಟರ್ ನಡೆಸುವ ತಂತ್ರಾಂಶ. ಜೆಲ್ಲಿಫಿನ್ ಅಂದರೆ ನಮ್ಮದೇ ಮನೆಯ ಓಟಿಟಿ ಅಂದುಕೊಳ್ಳಿ. ಪೋಸ್ಟರ್ ಸಾಲು, ಕಥೆಯ ಸಾರ, ನಿಲ್ಲಿಸಿದ ಜಾಗದಿಂದ ಮತ್ತೆ ಶುರು, ಎಲ್ಲ ಇದೆ. ಪಿಕ್ಚರ್ ಮಾತ್ರ ನಮ್ಮ ಡಿಸ್ಕ್‌ನಲ್ಲಿರುತ್ತದೆ. ದುಡ್ಡಿಲ್ಲ. ಇದರ ಹುಟ್ಟೂ ಒಂದು ಜಗಳವೇ. ಎಂಬಿ ಅನ್ನುವ ತಂತ್ರಾಂಶದ ಒಳಗಿನ ಕೋಡ್ ಎಲ್ಲರಿಗೂ ತೆರೆದಿತ್ತು. 2018ರ ಡಿಸೆಂಬರ್‌ನಲ್ಲಿ ಅವರು ಬಾಗಿಲು ಹಾಕಿಕೊಂಡಾಗ, ಅದೇ ಕೋಡನ್ನು ಎತ್ತಿಕೊಂಡು ಬೇರೆ ಮನೆ ಮಾಡಿದವರು ಜೆಲ್ಲಿಫಿನ್‌ನವರು.

'ಮುಗೀತು' ಅಂತ ಅವನು ಹೇಳಿದ ಕೆಲಸಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ಡೆಸ್ಕ್‌ಟಾಪ್ ಮನೆಯಲ್ಲೇ ಇತ್ತು. 2013ರಲ್ಲಿ ಕೊಂಡ ಕೋರ್ ಐ3, ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿ ಡಿವಿಡಿ ಡ್ರೈವ್ ಒಂದು, ಸೆಕೆಂಡ್ ಹ್ಯಾಂಡ್ 2 ಟಿಬಿ ಹಾರ್ಡ್ ಡಿಸ್ಕ್ ಒಂದು ತಂದೆ. ಹಾರ್ಡ್ ಡಿಸ್ಕ್ 1,800 ರೂಪಾಯಿ. "ಸರ್, ಒಂದು ವಾರ ಟೆಸ್ಟಿಂಗ್ ವಾರಂಟಿ" ಅಂದ ಹುಡುಗ. ಆಗ ನಕ್ಕು ಬಂದೆ.

ಡಿಸ್ಕ್ ತೊಳೆಯುವುದರಿಂದ ಶುರು. ಅಟ್ಟದ ತೇವಕ್ಕೆ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಪಾತ್ರೆ ಸೋಪಿನ ನೀರು, ಮೆತ್ತಗಿನ ಬಟ್ಟೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಿ ಸುತ್ತಿ ಒರೆಸಿದರೆ ಗೀರು ಡೇಟಾದ ದಾರಿಯಲ್ಲೇ ಉದ್ದಕ್ಕೆ ಬೀಳುತ್ತದೆ, ಆಮೇಲೆ ಡ್ರೈವ್‌ಗೆ ಓದಲು ಆಗುವುದಿಲ್ಲ. ಮೊದಲ ನಾಲ್ಕನ್ನು ಸುತ್ತಿಯೇ ಒರೆಸಿದ್ದೆ. ಒಂದು ಭಾನುವಾರ ಬಾಲ್ಕನಿಯ ಬಟ್ಟೆ ಸ್ಟ್ಯಾಂಡಿನ ಮೇಲೆ ನಲವತ್ತು ಡಿಸ್ಕ್ ಒಣಗುತ್ತಿದ್ದವು. ಎದುರು ಮನೆಯವರು ಪಾರಿವಾಳ ಓಡಿಸೋಕಾ ಅಂತ ಕೇಳಿದರು.

ಡಿವಿಡಿ ಪರವಾಗಿಲ್ಲ. ಮೇಕ್‌ಎಂಕೆವಿ ಅನ್ನುವ ತಂತ್ರಾಂಶ ಅರ್ಧ ಗಂಟೆಯಲ್ಲಿ ಒಂದನ್ನು ಎತ್ತಿ ಕೊಡುತ್ತದೆ. ಒಂದೇ ಡಿಸ್ಕ್‌ನಲ್ಲಿ ಮೂರು ಪಿಕ್ಚರ್ ತುರುಕಿದ 'ತ್ರೀ ಇನ್ ಒನ್'ಗಳ ಚಿತ್ರ ಮಾತ್ರ ಮಸುಕು, ಜಾಗಕ್ಕೆ ಹಿಂಡಿದ್ದಾರೆ. ಹಿಂಸೆ ಕೊಟ್ಟದ್ದು ವಿಸಿಡಿ. ಡಿವಿಡಿಯಲ್ಲಿ ಗೀರು ಬಿದ್ದ ಜಾಗವನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಡು ಚೆನ್ನಾಗಿದೆ. ವಿಸಿಡಿಯಲ್ಲಿ ಹೆಚ್ಚು ಹೊತ್ತಿನ ವಿಡಿಯೊ ಹಿಡಿಸಲು ಆ ಏರ್ಪಾಡಿನ ಒಂದು ಪದರವನ್ನೇ ಬಿಟ್ಟಿದ್ದಾರೆ. ಅದಕ್ಕೇ ಸಣ್ಣ ಗೀರಿಗೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮಾಮೂಲಿ ಕಾಪಿ ಮಾಡಿದರೆ ಮುಕ್ಕಾಲು ಭಾಗ ಬಂದು ಎರರ್ ಅಂತ ನಿಲ್ಲುತ್ತದೆ. ವಿಸಿಡಿಗೆಂದೇ ಇರುವ ಲಿನಕ್ಸ್ ಕಮಾಂಡನ್ನು ಅಕ್ಕನ ಮಗ ಹುಡುಕಿ ಕಳಿಸಿದ. ಅದು ಕೆಟ್ಟ ಜಾಗ ಬಂದರೂ ಹಠ ಮಾಡದೆ ಮುಂದೆ ಹೋಗುತ್ತದೆ.

ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕಿ, ಅಷ್ಟೇ. 43 ಇಂಚಿನ ಟಿ.ವಿ.ಯಲ್ಲಿ ಹಾಕಿದರೆ ಮುಖಕ್ಕೆ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ನಾನು ಬೇಜಾರು ಮಾಡಿಕೊಂಡೆ. ಅಪ್ಪ, "ನನ್ನ ಕಣ್ಣಿಗೆ ಕಾಣೋದೂ ಅಷ್ಟೇ ಕಣೋ, ಬಿಡು" ಅಂದರು.

ಒಂಬತ್ತು ಪಿಕ್ಚರ್ ಓದಲು ಬರಲೇ ಇಲ್ಲ. ಇನ್ನೊಂದರ ಎರಡು ಡಿಸ್ಕ್‌ನಲ್ಲಿ ಭಾಗ 1 ಮಾತ್ರ ಇತ್ತು. ಭಾಗ 2ನ್ನು 2011ರಲ್ಲಿ ಯಾರೋ ಡ್ರೈವರ್ ನೋಡಿ ಕೊಡ್ತೀನಿ ಅಂತ ತಗೊಂಡು ಹೋಗಿ ಕೊಟ್ಟಿಲ್ಲವಂತೆ. ಅಂತೂ ಕೈಗೆ ಬಂದದ್ದು ಎಂಬತ್ತೇಳೂವರೆ ಪಿಕ್ಚರ್. ಎಲ್ಲ ಸೇರಿ 160 ಜಿಬಿ. 2 ಟಿಬಿ ಡಿಸ್ಕ್ ಬೇಕಾಗಿರಲೇ ಇಲ್ಲ.

ಇನ್ನು ಸರ್ವರ್, ಅಂದರೆ ಪಿಕ್ಚರ್ ಇಟ್ಟುಕೊಂಡು ಟಿ.ವಿ.ಗೆ ಕಳಿಸುವ ಕಂಪ್ಯೂಟರ್. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದೆ, ಜೆಲ್ಲಿಫಿನ್ ಹಾಕಿದೆ, ಪಿಕ್ಚರ್ ಇರುವ ಫೋಲ್ಡರ್ ತೋರಿಸಿದೆ. ಫೋಲ್ಡರ್ ಖಾಲಿ ಅಂದಿತು. ನನ್ನ ಕಣ್ಣಿಗೆ ಫೈಲುಗಳು ಕಾಣುತ್ತಿವೆ, ಅದರ ಕಣ್ಣಿಗೆ ಇಲ್ಲ. ಒಂದು ಶನಿವಾರ ಪೂರ್ತಿ ಇದರಲ್ಲೇ ಹೋಯಿತು. ಎರಡು ಸಲ ಅಳಿಸಿ ಮತ್ತೆ ಹಾಕಿದೆ. ರಾತ್ರಿ ಅಕ್ಕನ ಮಗ ವಿಡಿಯೊ ಕಾಲ್‌ನಲ್ಲಿ ನೋಡಿ ನಕ್ಕ. "ಮಾಮ, ಡಿಸ್ಕ್ ನಿಮ್ಮ ಹೆಸರಲ್ಲಿ ತೆಗೆದಿದೆ. ಜೆಲ್ಲಿಫಿನ್ ಬೇರೆ ಯೂಸರ್. ನಿಮ್ಮ ರೂಮಿಗೆ ಅವನು ಹೇಗೆ ಬರ್ತಾನೆ?" ಅಂದ. ಲಿನಕ್ಸ್‌ನಲ್ಲಿ ಡಿಸ್ಕ್ ತಾನಾಗೇ ತೆರೆದುಕೊಂಡರೆ, ಒಳಗೆ ಹೋಗೋ ಅನುಮತಿ ಲಾಗಿನ್ ಆದವನಿಗೆ ಮಾತ್ರ. ಡಿಸ್ಕನ್ನು ಬೇರೆ ಜಾಗದಲ್ಲಿ ಖಾಯಂ ಆಗಿ ಕೂರಿಸಿ, ಜೆಲ್ಲಿಫಿನ್‌ಗೆ ಓದುವ ಅನುಮತಿ ಕೊಟ್ಟ ಮೇಲೆ ಒಂದೇ ನಿಮಿಷದಲ್ಲಿ ಪೋಸ್ಟರ್‌ಗಳು ಸುರಿದವು.

ಸುರಿದದ್ದೇನೋ ಸರಿ, ಎಂಥ ಪೋಸ್ಟರ್‌ಗಳು! ಜೆಲ್ಲಿಫಿನ್ ಫೈಲಿನ ಹೆಸರು ನೋಡಿ ಇಂಟರ್ನೆಟ್ಟಿನ ಸಿನಿಮಾ ಪಟ್ಟಿಯಲ್ಲಿ ಹುಡುಕುತ್ತದೆ. ನಮ್ಮ ಪಿಕ್ಚರ್‌ಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ಒಂದು ಎ, ಎರಡು ಎ, ಎಚ್ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಅದಕ್ಕೆ ಸಿಕ್ಕಿದ ತೆಲುಗು, ಹಿಂದಿ ಪೋಸ್ಟರ್ ಎಲ್ಲ ತಂದು ಅಂಟಿಸಿತ್ತು. ಉಪೇಂದ್ರ ಅವರ 1998ರ 'ಎ' ಪಿಕ್ಚರ್ ಇದೆಯಲ್ಲ, ಅದನ್ನು ಹುಡುಕಿಸಿ ನೋಡಿ. ಒಂದೇ ಅಕ್ಷರ. ಜಗತ್ತಿನ ಅರ್ಧ ಪಿಕ್ಚರ್ ಎದುರಿಗೆ ಬಂದು ನಿಲ್ಲುತ್ತದೆ. ಹೆಸರಿನ ಪಕ್ಕ ವರ್ಷ ಹಾಕಬೇಕು ಅನ್ನೋದು ಆಮೇಲೆ ತಿಳಿಯಿತು.

ಒಂದು ಪೋಸ್ಟರ್ ಮಾತ್ರ ಹಾಗೇ ಬಿಟ್ಟಿದ್ದೇನೆ. ಅಪ್ಪನ ಬಳಿ ಇದ್ದದ್ದು 1973ರ 'ಗಂಧದ ಗುಡಿ', ರಾಜ್‌ಕುಮಾರ್ ಅವರದು. ವರ್ಷ ಹಾಕದ ಕಾರಣ ಜೆಲ್ಲಿಫಿನ್ 2022ರ 'ಗಂಧದ ಗುಡಿ'ಯ ಪೋಸ್ಟರ್ ಹಾಕಿತ್ತು, ಪುನೀತ್ ಅವರದು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಅಪ್ಪು ಯಾಕೋ ಇಲ್ಲಿ ಬಂದ?" ಅಂದರು. ಸರಿ ಮಾಡ್ತೀನಿ ಇರಿ ಅಂತ ಲ್ಯಾಪ್‌ಟಾಪ್ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ, ಇರಲಿ ಬಿಡು. ಮಗಾನೇ ಅಲ್ವಾ" ಅಂದರು.

ಉಳಿದವನ್ನು ಒಂದೊಂದಾಗಿ ಸರಿ ಮಾಡಿದೆ. ಹೆಸರುಗಳನ್ನು ಕನ್ನಡದಲ್ಲೇ ಬರೆದೆ, ಅಪ್ಪನಿಗೆ ಇಂಗ್ಲಿಷ್ ಓದಲು ತಡವಾಗುತ್ತದೆ. ಎರಡು ರಾತ್ರಿಯ ಕೆಲಸ. ಮೂರನೇ ದಿನ ಏನೋ ನೋಡಲು ಹೋಗಿ 'ಎಲ್ಲವನ್ನೂ ಹೊಸದಾಗಿ ತುಂಬು' ಅನ್ನುವ ಆಯ್ಕೆ ಒತ್ತಿಬಿಟ್ಟೆ. ನಾನು ಬರೆದ ಕನ್ನಡವೆಲ್ಲ ಅಳಿಸಿ ಮತ್ತೆ ಇಂಗ್ಲಿಷ್ ಬಂತು. ಪ್ರತಿ ಪಿಕ್ಚರ್‌ಗೂ ಒಂದು ಬೀಗದ ಗುರುತಿದೆ. ತಿದ್ದಿದ ಮೇಲೆ ಅದನ್ನು ಒತ್ತಬೇಕು. ಯಾರಾದರೂ ಶುರು ಮಾಡುವವರಿದ್ದರೆ ಇದೊಂದನ್ನು ನೆನಪಿಟ್ಟುಕೊಳ್ಳಿ.

ಟಿ.ವಿ.ಯಲ್ಲಿ ಹಾಕಿದ ಮೊದಲ ದಿನ ಇನ್ನೊಂದು ಪಾಠ. ಡಿವಿಡಿಯಿಂದ ಎತ್ತಿದ ಫೈಲು ಎಂಪೆಗ್-2 ಅನ್ನುವ ಹಳೇ ಬಗೆಯದು. ನಮ್ಮ ಟಿ.ವಿ.ಗೆ ಚುಚ್ಚಿದ ಸ್ಟಿಕ್‌ಗೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಸರ್ವರ್ ಅಲ್ಲಲ್ಲೇ ಅದನ್ನು ಹೊಸ ಬಗೆಗೆ ಬದಲಿಸಿ ಕಳಿಸಬೇಕು. ಬಡಪಾಯಿ ಐ3 ಏದುಸಿರು ಬಿಡಲು ಶುರು ಮಾಡಿತು. ಫ್ಯಾನ್ ಸದ್ದು ಹಿಟ್ಟಿನ ಗಿರಣಿಯದು. ಹಾಡು ಬಂದರೆ ಚಿತ್ರ ತಡವರಿಸುತ್ತಿತ್ತು. ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಎಲ್ಲವನ್ನೂ ಮೊದಲೇ ಎಚ್.264 ಅನ್ನುವ ಹೊಸ ಬಗೆಗೆ ಬದಲಿಸಿ ಇಟ್ಟುಕೊಳ್ಳುವುದೇ ದಾರಿ. ಒಂದಕ್ಕೆ ಒಂದೂವರೆ ಗಂಟೆ. ರಾತ್ರಿ ಆರು ಪಿಕ್ಚರ್ ಸಾಲು ಹಚ್ಚಿ ಮಲಗುತ್ತಿದ್ದೆ, ಇಡ್ಲಿ ಹಿಟ್ಟು ಹುದುಗಲು ಇಟ್ಟ ಹಾಗೆ. ಬೆಳಗ್ಗೆ ತಯಾರಾಗಿರುತ್ತಿತ್ತು.

ನವೆಂಬರ್‌ನಲ್ಲಿ ಎರಡು ಏಟು ಬಿತ್ತು. ಮೊದಲನೆಯದು ಎಸ್.ಪಿ. ರೋಡಿನ ಹಾರ್ಡ್ ಡಿಸ್ಕ್. ಟಿಕ್, ಟಿಕ್, ಟಿಕ್ ಅಂತ ಸದ್ದು ಬಂತು, ಮಧ್ಯಾಹ್ನದ ಹೊತ್ತಿಗೆ ಕಾಣೆಯಾಯಿತು. ಬದಲಿಸಿ ಇಟ್ಟಿದ್ದ 31 ಪಿಕ್ಚರ್ ಹೋದವು. ಟೆಸ್ಟಿಂಗ್ ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ತಪ್ಪು ಆ ಹುಡುಗನದಲ್ಲ, ಎರಡನೇ ಕಾಪಿ ಇಟ್ಟುಕೊಳ್ಳದ ನನ್ನದು. ಅಸಲಿ ಡಿಸ್ಕ್‌ಗಳು ಡಬ್ಬದಲ್ಲಿದ್ದವಲ್ಲ, ಮತ್ತೆ ಕೂತು ಎತ್ತಿದೆ. ಈಗ ಹೊಸ 1 ಟಿಬಿ ಡಿಸ್ಕ್ ಎರಡಿವೆ. ಒಂದು ಸರ್ವರ್‌ನಲ್ಲಿ, ಇನ್ನೊಂದು ಹಾಸನದಲ್ಲಿ ಅಕ್ಕನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ.

ಎರಡನೆಯದು ಕರೆಂಟ್ ಬಿಲ್. ಗೃಹಜ್ಯೋತಿಯಲ್ಲಿ ನಮ್ಮದು ಸೊನ್ನೆ ಬಿಲ್. 2022-23ರ ಸರಾಸರಿ 95 ಯೂನಿಟ್, ಅದರ ಮೇಲೆ ಶೇ. 10 ಸೇರಿಸಿ 104ರವರೆಗೆ ಉಚಿತ. ನವೆಂಬರ್ ಬಿಲ್ಲಿನಲ್ಲಿ ಸೊನ್ನೆ ಇರಲಿಲ್ಲ. ಹೆಂಡತಿ ಚೀಟಿ ತಂದು ಟೀಪಾಯಿ ಮೇಲಿಟ್ಟು, "ರೀ, ಪುಕ್ಕಟೆ ಪಿಕ್ಚರ್ ಅಂದಿದ್ರಿ" ಅಂದಳು. ಅಷ್ಟೇ ಅಂದದ್ದು. ಅಳೆದು ನೋಡಿದರೆ ಆ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದರೂ 58 ವಾಟ್ ತಿನ್ನುತ್ತಿತ್ತು. ದಿನಪೂರ್ತಿ ಆನ್ ಇದ್ದರೆ ತಿಂಗಳಿಗೆ 42 ಯೂನಿಟ್. ಸರ್ವರ್ ಅಂದರೆ ಯಾವಾಗಲೂ ಆನ್ ಇರಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಅಪ್ಪ ನೋಡೋದು ದಿನಕ್ಕೆ ಮೂರು ಗಂಟೆ!

ಕೊನೆಗೆ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಮಿನಿ ಪಿಸಿ ತಗೊಂಡೆ. ಅಂಗೈ ಅಗಲ, ಟಿ.ವಿ. ಹಿಂದೆ ಕೂರುತ್ತದೆ, ಸದ್ದಿಲ್ಲ. ಸುಮ್ಮನಿರುವಾಗ 9 ವಾಟ್, ತಿಂಗಳಿಗೆ ಆರೂವರೆ ಯೂನಿಟ್. ವಿಡಿಯೊ ಬದಲಿಸುವ ಕೆಲಸಕ್ಕೆ ಅದರಲ್ಲೇ ಬೇರೆ ಭಾಗವಿದೆ, ಗಿರಣಿ ಸದ್ದೂ ತಪ್ಪಿತು. ಬೆಲೆ ಮಾತ್ರ ಮೂರು ವರ್ಷದ ಚಂದಾದ ಹತ್ತಿರ. ಉಳಿತಾಯಕ್ಕೆ ಅಂತ ಯಾರೂ ಈ ದಾರಿ ಹಿಡಿಯಬೇಡಿ. ಕರೆಂಟ್ ಹೋಗಿ ಬಂದಾಗ ತಾನಾಗೇ ಆನ್ ಆಗುವ ಆಯ್ಕೆ ಬಯೋಸ್ ಅನ್ನುವ ಒಳಗಿನ ಸೆಟ್ಟಿಂಗ್‌ನಲ್ಲಿದೆ, ಅದನ್ನು ಹಾಕಿದ ಮೇಲೆ ನಾನು ಕೆಲಸದಲ್ಲಿರುವಾಗ ಮನೆಯಿಂದ ಕರೆ ಬರುವುದು ಕಡಿಮೆಯಾಗಿದೆ.

ಅಕ್ಕನ ಮನೆಗೂ ತಲುಪಿಸಿದ್ದೇನೆ. ನಮ್ಮ ಬ್ರಾಡ್‌ಬ್ಯಾಂಡ್‌ನವರು ಹಲವು ಮನೆಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುತ್ತಾರೆ. ಹಾಗಾಗಿ ಹೊರಗಿನಿಂದ ನೇರ ನಮ್ಮ ಮನೆಗೆ ಬರಲು ಆಗುವುದಿಲ್ಲ. ಟೇಲ್‌ಸ್ಕೇಲ್ ಅನ್ನುವುದನ್ನು ಎರಡೂ ಕಡೆ ಹಾಕಿದರೆ, ಎರಡು ಮನೆ ಒಂದೇ ವಠಾರದಲ್ಲಿದ್ದಂತೆ ನಡೆಯುತ್ತದೆ. ಆ ಟಿ.ವಿ. ಈಗ ನಮ್ಮ ಮನೆಯದೇ.

ನಾಲ್ಕರಲ್ಲಿ ಮೂರು ಚಂದಾ ನಿಲ್ಲಿಸಿದೆ. ಕ್ರಿಕೆಟ್ ಉಳಿಸಿಕೊಂಡಿದ್ದೇನೆ. ಕೈ ಕಟ್ಟಿಹಾಕುವ ವಿಷಯ ಒಂದಿದೆ. ಈಚಿನ ಕನ್ನಡ ಪಿಕ್ಚರ್‌ಗಳನ್ನು ಡಿಸ್ಕಿನಲ್ಲಿ ಕೊಳ್ಳೋಣ ಅಂದರೆ ನನಗೆ ಎಲ್ಲೂ ಸಿಕ್ಕಿಲ್ಲ. ಅಂಗಡಿಗಳಲ್ಲಿ ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಅಂಚೆಯಲ್ಲಿ ಡಿವಿಡಿ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರ್ 29ಕ್ಕೆ ಕೊನೆಯ ಡಿಸ್ಕ್ ಕಳಿಸಿ ಆ ಕೆಲಸ ನಿಲ್ಲಿಸಿತು. ಹಾಗಾಗಿ ನಮ್ಮ ಮನೆಯ ಸರ್ವರ್ ಅಪ್ಪ ಡ್ಯೂಟಿಯಿಂದ ನಿವೃತ್ತರಾದ 2012ಕ್ಕೇ ನಿಂತಿದೆ. ಮಗಳು ಕೇಳುವ ಹೊಸದಕ್ಕೆಲ್ಲ ನಾನು ಮತ್ತೆ ಬಾಡಿಗೆದಾರನೇ.

ಈಗ ಅವಳು ಭಾನುವಾರ ಮಧ್ಯಾಹ್ನ ತಾತನ ಪಕ್ಕ ಕೂರುತ್ತಾಳೆ. ಅವಳಿಗೆ ಇಷ್ಟವಾದದ್ದು, ಎಂಬತ್ತೇಳು ಬಿಟ್ಟು, ಆ ಅರ್ಧ ಪಿಕ್ಚರ್. ಪರದೆ ಮೇಲೆ 'ವಿರಾಮ' ಅಂತ ಬರುತ್ತದೆ, ಅಲ್ಲಿಗೆ ಫೈಲು ಖಾಲಿ. ಮುಂದಿನ ಕಥೆ ಅಪ್ಪ ಹೇಳುತ್ತಾರೆ. ಹೋದ ವಾರ ವಿಲನ್ ಜೈಲಿಗೆ ಹೋಗಿದ್ದ, ಈ ವಾರ ಬಾವಿಗೆ ಬಿದ್ದ. "ತಾತ, ನೀವು ಸುಳ್ಳು ಹೇಳ್ತಿದೀರ" ಅಂತ ಅವಳು ಜಗಳ ತೆಗೆಯುತ್ತಾಳೆ. ಫೋನ್‌ನಲ್ಲಿ ಹುಡುಕಿ ತೋರಿಸಲಾ ಅಂದರೆ ಇಬ್ಬರೂ ಬೇಡ ಅನ್ನುತ್ತಾರೆ.

ಡಿಸ್ಕನ್ನೇ ಹುಡುಕೋಣ ಅಂತ ನಾನು ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಸಂಡೆ ಬಜಾರ್‌ಗೆ ಎರಡು ಸಲ ಹೋದೆ. ಎರಡನೇ ಸಲ, ಹಳೇ ಚಾರ್ಜರ್‌ಗಳ ರಾಶಿಯ ಪಕ್ಕ, ಅದೇ ಪಿಕ್ಚರ್‌ನ ಕವರ್ ಕಂಡಿತು. ಚೌಕಾಸಿ ಮಾಡದೆ 20 ರೂಪಾಯಿ ಕೊಟ್ಟು ಬಂದೆ. ಮನೆಗೆ ಬಂದು ತೆರೆದರೆ ಒಳಗಿದ್ದದ್ದು ಇನ್ನೊಂದು ಭಾಗ 1.